ಉಪ್ಪುನೀರಲ್ಲೂ ನೊರೆ ಬರುವ ಬೇರು

ದುಖಾನ್, ಕತಾರ್
7 ಅಕ್ಟೋಬರ್ 2005, ಶುಕ್ರವಾರ

ಪ್ರೀತಿಯ ಮಗಳು ದೀಕ್ಷಿತಾಳಿಗೆ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ದುಂಡಗಾಗಿದೆ, ಆದರೆ ಅರ್ಧ ಪುಟಕ್ಕೇ ಮುಗಿಸಿದ್ದೀಯಲ್ಲ? ಎಸ್‌ಎಸ್‌ಎಲ್‌ಸಿ ಹುಡುಗಿಗೆ ಪುರುಸೊತ್ತಿಲ್ಲ ಅಂತ ಕಾಣುತ್ತದೆ. ಇರಲಿ, ನಾನೇ ಉದ್ದ ಬರೆಯುತ್ತೇನೆ. ಇಲ್ಲಿ ಉಪವಾಸದ ತಿಂಗಳು ಸುರುವಾಗಿದೆ, ಮಧ್ಯಾಹ್ನಕ್ಕೇ ಕೆಲಸ ಬಿಡುತ್ತಾರೆ. ಪಕ್ಕದ ಮಂಚದ ಪಕೀರಬ್ಬ ಮುಖದ ಮೇಲೆ ಒದ್ದೆ ಟವೆಲು ಹಾಕಿ ಮಲಗಿದ್ದಾನೆ. ಉಳ್ಳಾಲದ ಬ್ಯಾರಿ ಇವನು, ನಮ್ಮ ಕ್ಯಾಂಪಿಗೆ ನೀರಿನ ಟ್ಯಾಂಕರ್ ತರುವ ಡ್ರೈವರ್.

ಆ ನೀರಿನ ಸುದ್ದಿ ನಿಮಗೆ ಬರೆದಿರಲಿಲ್ಲ. ಬಾಯಿಗೆ ಹಾಕಿದರೆ ಉಪ್ಪು. ಕುಡಿಯುವುದಕ್ಕೆ ಬೇರೆ ಕ್ಯಾನ್ ಕೊಡುತ್ತಾರೆ, ಆದರೆ ಸ್ನಾನಕ್ಕೂ ಬಟ್ಟೆಗೂ ಇದೇ. ಸೋಪು ಎಷ್ಟು ತಿಕ್ಕಿದರೂ ನೊರೆ ಇಲ್ಲ, ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಚೂರು ಮೈಗೆ ಅಂಟುತ್ತದೆ. ಬೆವರಿನ ಅಂಗಿ ಒಣಗಿದರೆ ಹಪ್ಪಳ. ನಮ್ಮ ರೂಮಿನ ಎಂಟು ಜನರಿಗೂ ತುರಿಕೆ. ನನ್ನ ಕುತ್ತಿಗೆ ಸುತ್ತ ಹಗ್ಗ ಕಟ್ಟಿದ ಹಾಗೆ ಕೆಂಪಾಗಿತ್ತು.

ಎಣ್ಣೆ ಕಂಪೆನಿಯ ಕಾಲನಿಯಲ್ಲಿ ನಾನು ತೋಟ ನೋಡುವ ಮನೆಗಳಲ್ಲಿ ಒಂದು ಡೊರೊತಿ ಮೇಡಮ್ಮಂದು. ಅಮೆರಿಕದವರು, ಎಂಜಿನಿಯರರ ಹೆಂಡತಿ, ತಲೆಯೆಲ್ಲ ಬೆಳ್ಳಗಾದ ಹೆಂಗಸು. ಅವರ ಊರೂ ಮರುಭೂಮಿಯೇ ಅಂತೆ, ನ್ಯೂ ಮೆಕ್ಸಿಕೊ. ಅಲ್ಲಿಂದ ಬೀಜ ತಂದು ಅಂಗಳದ ಅಂಚಿಗೆ ಸಾಲಾಗಿ ಯುಕ್ಕಾ ಎಂಬ ಗಿಡ ಬೆಳೆಸಿದ್ದಾರೆ. ನಮ್ಮ ಹೊಳೆಬದಿಯ ಮುಂಡೇವು, ಆ ಕೇದಗೆ ಜಾತಿಯ ಗಿಡ, ನೆನಪು ಮಾಡಿಕೋ. ಹಾಗೇ ಕತ್ತಿಯಂಥ ಎಲೆ, ತುದಿಯಲ್ಲಿ ಸೂಜಿ, ನಡುವಿನಿಂದ ಆಳೆತ್ತರದ ಕೋಲೆದ್ದು ಅದರ ತುಂಬ ಬಿಳಿ ಹೂವು. ಒಂದು ದಿನ ನಾನು ಕುತ್ತಿಗೆ ಕೆರೆಯುವುದನ್ನು ನೋಡಿ ಅವರು ಹತ್ತಿರ ಬಂದರು. ಗಿಡದ ಬುಡ ಅಗೆಸಿ ಒಂದು ಬೇರು ಕತ್ತರಿಸಿದರು, ಸಿಪ್ಪೆ ತೆಗೆದು ಕಲ್ಲಿನಲ್ಲಿ ಜಜ್ಜಿ ಬಕೆಟಿನ ತಣ್ಣೀರಿಗೆ ಹಾಕಿ ಕೈಯಿಂದ ಕಡೆದರು. ಮಗಾ, ನೊರೆ ಎದ್ದಿತು ನೋಡು! ಬಕೆಟಿನ ಬಾಯಿ ಮೀರಿ ಚೆಲ್ಲಿತು. "ಗ್ರ್ಯಾಂಡ್‌ಮದರ್, ಹೇರ್ ವಾಶ್" ಅಂದರು. ಅವರ ಅಜ್ಜಿ ಅಲ್ಲಿನ ಮೂಲದ ಜನ, ಹಬ್ಬಕ್ಕೆ ಮೊದಲು ಇದರಲ್ಲೇ ತಲೆ ತೊಳೆಯುತ್ತಿದ್ದರಂತೆ.

ಕ್ಯಾಂಪಿನ ಉಪ್ಪುನೀರಿಗೆ ಹಾಕಿ ನೋಡಿದೆ. ಅದರಲ್ಲೂ ನೊರೆ! ಮೂರು ವಾರ ಅದರಲ್ಲೇ ಮಿಂದೆ, ಬಟ್ಟೆ ಒಗೆದೆ. ಕುತ್ತಿಗೆ ಗುಣವಾಗಿದೆ. ಈಗ ರೂಮಿನವರೆಲ್ಲ ಒಂದೊಂದು ಅಂಗಿ ಹಿಡಿದು ನನ್ನ ಹತ್ತಿರ ಬರುತ್ತಾರೆ.

ಇದನ್ನು ಊರಿನಲ್ಲಿ ಹೇಳಬೇಡ. ಇನ್ನೊಬ್ಬರ ಬಟ್ಟೆ ಮುಟ್ಟುವುದಿಲ್ಲ ಎಂದು ಹೇಳಿ ವಿಮಾನ ಹತ್ತಿದವನು ನಾನು. ಮಡಿವಾಳ ಕತಾರಿಗೆ ಹೋದರೂ ಒಗೆಯುವುದು ಬಿಡಲಿಲ್ಲ ಎಂದು ನಗುತ್ತಾರೆ. ನೆರೆಮನೆಯ ಕಾಂತಾಮಣಿಯ ಗಂಡ ಇದೇ ಕ್ಯಾಂಪಿನಲ್ಲಿ ಪೈಂಟರ್. ಅವನ ಕಣ್ಣಿಗೆ ಬೀಳದ ಹಾಗೆ ಹಿಂದಿನ ನಲ್ಲಿಯ ಹತ್ತಿರ ಒಗೆಯುತ್ತೇನೆ.

ಲೆಕ್ಕದ ಟ್ಯೂಶನ್ ಬಿಡಬೇಡ. ಅಮ್ಮನಿಗೆ ಮೊಣಕಾಲಿನ ಎಣ್ಣೆ ಮರೆಯದೆ ಹಚ್ಚು.

ನಿನ್ನ ಅಪ್ಪ,
ದೂಮಪ್ಪ


ಕಲ್ಲಡ್ಕ
30 ಅಕ್ಟೋಬರ್ 2005

ಅಪ್ಪನಿಗೆ,

ಈ ಸಲ ಮೂರು ಪುಟ ಬರೆಯುತ್ತೇನೆ, ಆಮೇಲೆ ದೂರಬೇಡಿ.

ನಿಮ್ಮ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ, "ಅದು ನಮ್ಮ ಅಂಟುವಾಳದ ತಂಗಿ ಆಗಿರಬೇಕು" ಅಂದರು. ಅಜ್ಜಿ ಹೊಳೆಬದಿಯಲ್ಲಿ ಅಂಟುವಾಳ ಜಜ್ಜಿ ಮದುವೆ ಸೀರೆ ಒಗೆಯುತ್ತಿದ್ದದ್ದು, ಒಂದು ಜರಿ ಎಳೆ ಸಹ ಕಪ್ಪಾಗದೆ ಇದ್ದದ್ದು, ಎಲ್ಲ ಹೇಳಿದರು. ಅಜ್ಜಿಯ ವಿಷಯ ಅಮ್ಮ ಅಷ್ಟು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ನಿಮಗೆ ಹೀಗೆ ಬರೆಯಬೇಕಂತೆ: ಬೇರನ್ನು ಬಿಸಿನೀರಿಗೆ ಹಾಕಬೇಡಿ. ರಸ ಕಣ್ಣಿಗೆ ತಾಗಿಸಬೇಡಿ. ಬಿಳಿ ಬಟ್ಟೆಯನ್ನು ಕೊನೆಯ ನೀರಿನಲ್ಲಿ ಎರಡು ಸಲ ಜಾಲಿಸಿ, ಇಲ್ಲದಿದ್ದರೆ ಹಳದಿ ಕಲೆ ಉಳಿಯುತ್ತದೆ.

ಊರಿನಲ್ಲಿ ಹೇಳಬೇಡ ಎಂದು ಬರೆದಿದ್ದೀರಿ. ಅಪ್ಪಾ, ನಿಮ್ಮ ಕಾಗದ ಬಂದ ಮಾರನೆ ದಿನವೇ ನಾನು ಹೇಳಿಯಾಗಿತ್ತು. ವಿಜ್ಞಾನದ ವಿಲ್ಮಾ ಟೀಚರ್ ಸಾಬೂನಿನ ಪಾಠ ಮಾಡುತ್ತಿದ್ದರು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ ಅಂದರು. ನಾನು ಎದ್ದು ನಿಂತು, "ಅಂಥಾ ನೀರಿನಲ್ಲೂ ನೊರೆ ಕೊಡುವ ಬೇರು ಉಂಟು ಟೀಚರ್, ನನ್ನ ಅಪ್ಪ ಕತಾರಿನಲ್ಲಿ ಅದರಲ್ಲೇ ಒಗೆಯುವುದು" ಅಂದೆ. ಹಿಂದಿನ ಬೆಂಚಿನಿಂದ ಯಾರೋ, "ಮಡಿವಾಳರಲ್ವಾ, ಗೊತ್ತಿರ್ಲೇಬೇಕು" ಅಂದರು. ಎಲ್ಲರೂ ನಕ್ಕರು.

ಕೂತುಬಿಡುವ ಅಂತ ಒಮ್ಮೆ ಅನ್ನಿಸಿತು. ಕೂರಲಿಲ್ಲ. "ಹೌದು, ಗೊತ್ತುಂಟು. ನಿಮಗೆ ಗೊತ್ತಿಲ್ಲ, ಅದಕ್ಕೆ ಹೇಳಿದ್ದು" ಅಂದೆ. ಮಾರನೆ ದಿನ ಅಮ್ಮ ಕೊಟ್ಟ ಅಂಟುವಾಳ, ಎರಡು ಬಾಟ್ಲಿ, ಒಂದು ಹಿಡಿ ಕಲ್ಲುಪ್ಪು ತೆಗೆದುಕೊಂಡು ಹೋದೆ. ಟೀಚರ್ ಎರಡರಲ್ಲೂ ಉಪ್ಪುನೀರು ತುಂಬಿಸಿ, ಒಂದು ಬಾಟ್ಲಿಗೆ ಸೋಪು, ಇನ್ನೊಂದಕ್ಕೆ ಅಂಟುವಾಳ ಹಾಕಿಸಿ ಕುಲುಕಿಸಿದರು. ಯಾವುದರಲ್ಲಿ ನೊರೆ ಬಂತೆಂದು ನಿಮಗೆ ಬರೆಯಬೇಕೇ?

ಆದ್ದರಿಂದ ನೀವು ಹಿಂದಿನ ನಲ್ಲಿಗೆ ಹೋಗುವುದು ಬೇಡ. ಮುಂದಿನ ನಲ್ಲಿಯಲ್ಲೇ ಒಗೆಯಿರಿ.

ನಿಮ್ಮ,
ದೀಕ್ಷಿತಾ


ದುಖಾನ್
16 ಡಿಸೆಂಬರ್ 2005

ದೀಕ್ಷಿತಾಳಿಗೆ,

ಆರೋಗ್ಯವಾಗಿದ್ದೇನೆ. ಚಳಿ ಸುರುವಾಗಿದೆ, ಬೆಳಿಗ್ಗೆ ಸ್ವೆಟರ್ ಬೇಕಾಗುತ್ತದೆ. ಡೊರೊತಿ ಮೇಡಂ ನವೆಂಬರಿನಲ್ಲಿ ಅಮೆರಿಕಕ್ಕೆ ವಾಪಸು ಹೋದರು. ಹೋಗುವಾಗ ನನಗೂ ಹೇಳಿ ಹೋದರು. ಆ ಮನೆಗೆ ಬೇರೆಯವರು ಬಂದಿದ್ದಾರೆ.

ಕೆಲಸ ಸ್ವಲ್ಪ ಜಾಸ್ತಿ, ಹೆಚ್ಚು ಬರೆಯಲು ಆಗುವುದಿಲ್ಲ. ಕಾಂತಾಮಣಿಯ ಮನೆಯವರು ಏನಾದರೂ ಹೇಳಿದರೆ ಅಮ್ಮನ ಕಿವಿಗೆ ಹಾಕಬೇಡ. ನೀನು ಓದಿಕೋ.

ಅಪ್ಪ


ಕಲ್ಲಡ್ಕ
8 ಜನವರಿ 2006

ಅಪ್ಪನಿಗೆ,

ಅಮ್ಮನ ಕಿವಿಗೆ ನಾನು ಹಾಕಬೇಕಾಗಿಯೇ ಬರಲಿಲ್ಲ. ನಿಮ್ಮ ಕಾಗದಕ್ಕಿಂತ ಮೊದಲೇ ಕಾಂತಾಮಣಿ ಅತ್ತೆ ಬಂದಿದ್ದರು. ಜಗಲಿಯಲ್ಲಿ ಕೂರಲೂ ಇಲ್ಲ. "ಚೆನ್ನೂ, ನಿನ್ನ ಗಂಡ ಕದ್ದು ಸಿಕ್ಕಿಬಿದ್ದಿದ್ದಾನಂತೆ. ಕಂಪೆನಿ ಗೇಟಿನಲ್ಲಿ ಹಿಡಿದ್ರಂತೆ. ಇವರು ಫೋನ್ ಮಾಡಿದ್ರು. ಎಂತ ಅವಸ್ಥೆ ಮಾರಾಯ್ತಿ" ಅಂದರು, ನಾಲ್ಕು ಮನೆಗೆ ಕೇಳುವ ಹಾಗೆ.

ಅಮ್ಮ ನೆನೆಹಾಕಿದ ಅಕ್ಕಿ ತೊಳೆಯುತ್ತಿದ್ದರು. ತೊಳೆದು ಮುಗಿಸಿ, ಕೈ ಒರೆಸಿ, "ಫೋನು ಯಾರು ಮಾಡಿದ್ದು?" ಎಂದಷ್ಟೇ ಕೇಳಿದರು. ಅತ್ತೆ ಮತ್ತೊಮ್ಮೆ ಹೇಳಿದರು. "ಅವರು ಕಣ್ಣಲ್ಲಿ ಕಂಡದ್ದಾ, ಕಿವಿಯಲ್ಲಿ ಕೇಳಿದ್ದಾ?" ಅಂದರು ಅಮ್ಮ. ಅತ್ತೆ ಹೊರಟುಹೋದರು. ಆದರೆ ಆ ಅಕ್ಕಿ ಹಾಗೇ ಉಳಿಯಿತು. ರಾತ್ರಿ ಇಬ್ಬರೂ ಅವಲಕ್ಕಿ ತಿಂದೆವು.

ನೀವು ಕದ್ದಿಲ್ಲ ಎಂದು ನನಗೆ ಗೊತ್ತು. ಆದರೆ ನೀವು ಏನು ಮಾಡಿದಿರಿ ಎಂಬುದು ಗೊತ್ತಿಲ್ಲ. ಚಳಿ, ಸ್ವೆಟರ್ ಎಂದು ಬರೆದರೆ ಸಾಕೇ? ನಾಳೆ ಯಾರಾದರೂ ಕೇಳಿದರೆ ನಾನು ಎಂತ ಹೇಳುವುದು? ಇದ್ದದ್ದು ಇದ್ದ ಹಾಗೆ ಬರೆಯಿರಿ. ನಮ್ಮನ್ನು ಸುಮ್ಮನಿರಿಸಲು ಬರೆಯುವುದಾದರೆ ಬರೆಯುವುದೇ ಬೇಡ.

ದೀಕ್ಷಿತಾ


ಕ್ಯಾಂಪ್ ಆಫೀಸು, ದುಖಾನ್
16 ಜನವರಿ 2006

ದೂಮಪ್ಪಣ್ಣ,

ಎದುರು ಹೇಳಿದರೆ ನೀವು ಎದ್ದು ಹೋಗುತ್ತೀರಿ. ಅದಕ್ಕೇ ಬರೆದು ಪಕೀರಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನು ಈ ಆಫೀಸಿನ ಗುಮಾಸ್ತ ಮಾತ್ರ, ಆದರೂ ಆದಷ್ಟು ಮಾಡಿದ್ದೇನೆ. ಸೂಪರ್‌ವೈಸರ್ ರಾಫೆಲ್ ಬರೆದ ರಿಪೋರ್ಟಿನಲ್ಲಿ 'ಕಳವು' ಎಂದಿತ್ತು. ನಾನು ಅದನ್ನು 'ಅನುಮತಿ ಇಲ್ಲದೆ ಗಿಡದ ಬೇರು ಒಯ್ದದ್ದು' ಎಂದು ಮಾಡಿಸಿದೆ. ಆದರೆ ನೀವು ಸಹಿ ಹಾಕಬೇಕಾದ ಆ ಕಾಗದದ ಎರಡನೇ ಸಾಲನ್ನು ಮ್ಯಾನೇಜರ್ ಬಿಡುವುದಿಲ್ಲ: 'ಕ್ಯಾಂಪಿನ ನೀರು ಚೆನ್ನಾಗಿದೆ, ಆ ಬಗ್ಗೆ ನನ್ನ ದೂರೇನೂ ಇಲ್ಲ.' ನೀವು ಗೇಟಿನಲ್ಲಿ ನಾಲ್ಕು ಜನರ ಮುಂದೆ ನೀರಿನ ಮಾತು ಎತ್ತಿದ್ದೇ ಅವರಿಗೆ ಚುಚ್ಚಿದ್ದು. ಬೇರು ನೆಪ.

ಕ್ಯಾಂಪಿನ ಹನ್ನೊಂದು ಜನ ನೀರು ಚೆನ್ನಾಗಿದೆ ಎಂದು ಸಹಿ ಹಾಕಿದ್ದಾರೆ. ನಿಮ್ಮ ಊರಿನ ಪೈಂಟರ್ ಮೊದಲನೆಯವನು. ನೀವೂ ಹಾಕಿ. ಖಲಾಸ್, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ವೀಸಾ ಕ್ಯಾನ್ಸಲ್. ನಿಮಗೆ ಓದುವ ಮಗಳಿದ್ದಾಳೆ. ನನಗೂ ಇಬ್ಬರಿದ್ದಾರೆ, ಅದಕ್ಕೇ ಹೇಳುವುದು.

ಥಿಯೋಡೋರ್


17 ಜನವರಿ 2006

ಥಿಯೋಡೋರ್ ಪೊರ್ಬುಗಳಿಗೆ,

ನಿಮ್ಮ ಉಪಕಾರ ಮರೆಯುವುದಿಲ್ಲ. ಮೊದಲ ಸಾಲಿಗೆ ಬೇಕಾದರೆ ಸಹಿ ಹಾಕುತ್ತೇನೆ. ಎರಡನೆಯದಕ್ಕೆ ಹಾಕುವುದಿಲ್ಲ. ಆ ನೀರಿನಲ್ಲಿ ದಿನಾ ಮೀಯುವವನು ನಾನು.

ಮ್ಯಾನೇಜರರ ಎದುರು ಹತ್ತು ನಿಮಿಷ ನಿಲ್ಲಿಸಿ. ಆಮೇಲೆ ಕಳಿಸುವುದಾದರೆ ಕಳಿಸಲಿ.

ದೂಮಪ್ಪ


ದುಖಾನ್
10 ಫೆಬ್ರವರಿ 2006

ಪ್ರೀತಿಯ ಮಗಳು ದೀಕ್ಷಿತಾಳಿಗೆ,

ಇದ್ದದ್ದು ಇದ್ದ ಹಾಗೆ ಬರೆಯಿರಿ ಅಂದಿದ್ದಿ. ನಿನಗೆ ಉತ್ತರಿಸುವಂಥಾದ್ದು ಏನಾದರೂ ಆಗಲಿ ಎಂದು ಇಷ್ಟು ದಿನ ಕಾದೆ. ಈ ಕಾಗದವನ್ನು ನಾಳೆ ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕೊಡುತ್ತೇನೆ.

ಡೊರೊತಿ ಮೇಡಂ ಹೋದ ಮೇಲೆ ಆ ಮನೆಗೆ ಬಂದವರ ನಾಯಿಯ ಮೂತಿಗೆ ಯುಕ್ಕಾದ ಮುಳ್ಳು ಚುಚ್ಚಿತು. ಗಿಡಗಳನ್ನೆಲ್ಲ ತೆಗೆಯಲು ಆರ್ಡರ್ ಬಂತು. ತೆಗೆದವನು ನಾನೇ. ಅಷ್ಟು ವರ್ಷ ಬೆಳೆದ ಗಿಡಗಳು, ಪಿಕಾಸಿಗೂ ಸುಲಭಕ್ಕೆ ಬಗ್ಗಲಿಲ್ಲ. ಎಲ್ಲ ಕಸದ ಲಾರಿಗೆ ಹೋಗುವುದೇ ಎಂದು ನಾಲ್ಕು ಬೇರು ಗೋಣಿಗೆ ಹಾಕಿಕೊಂಡೆ. ಗೇಟಿನಲ್ಲಿ ಸೂಪರ್‌ವೈಸರ್ ರಾಫೆಲ್ ಗೋಣಿ ಬಿಚ್ಚಿಸಿದ. "ಕಂಪೆನಿಯ ಮಾಲು, ಯಾಕೆ ತೆಗೆದೆ?" ಅಂದ. "ಒಗೆಯಲಿಕ್ಕೆ. ನಮ್ಮ ಕ್ಯಾಂಪಿನ ನೀರಿಗೆ ನೀವು ಕೊಡುವ ಸೋಪು ನೊರೆ ಬರುವುದಿಲ್ಲ" ಅಂದೆ. ಅಷ್ಟೇ ನಾನು ಮಾಡಿದ ತಪ್ಪು.

ನೀರು ಚೆನ್ನಾಗಿದೆ ಎಂಬ ಕಾಗದಕ್ಕೆ ಕಾಂತಾಮಣಿಯ ಗಂಡ ಮೊದಲಾಗಿ ಹನ್ನೊಂದು ಜನ ಸಹಿ ಹಾಕಿದರು. ನಾನು ಹಾಕದ ಕಾರಣ ಜನವರಿ ಕೊನೆಗೆ ದೋಹಾದ ವೆಸ್ಟ್ ಬೇಯ ಆಫೀಸಿಗೆ ಕರೆಸಿದರು. ಪಕೀರಬ್ಬನೇ ನನ್ನನ್ನೂ ಕ್ಯಾಂಪ್ ಆಫೀಸಿನ ಗುಮಾಸ್ತ, ನಮ್ಮ ಕಡೆಯ ಕ್ರಿಶ್ಚಿಯನ್ ಥಿಯೋಡೋರರನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋದ. ನನ್ನ ಕಾಲ ಹತ್ತಿರ ಒಂದು ಕ್ಯಾನ್ ಕ್ಯಾಂಪಿನ ನೀರು, ಎರಡು ಬೇಸಿನ್, ಸೋಪು, ಮೊದಲೇ ತಂದು ಒಣಗಿಸಿಟ್ಟಿದ್ದ ಬೇರು ಜಜ್ಜಿದ್ದು. ದಾರಿಯುದ್ದಕ್ಕೂ ಪಕೀರಬ್ಬ ಆ ಕ್ಯಾನನ್ನು ಆಗಾಗ ನೋಡುತ್ತಿದ್ದ.

ಇಪ್ಪತ್ತನೇ ಮಾಳಿಗೆ. ಗಾಜಿನಾಚೆ ಸಮುದ್ರ. ಮ್ಯಾನೇಜರರ ಮೇಜಿನ ಮೇಲೆ ಬೇಸಿನ್ ಇಟ್ಟೆ. ಅವರು ಕುರ್ಚಿ ಹಿಂದೆ ತಳ್ಳಿ, "ಇದೇನು ತಮಾಷೆ?" ಅಂದರು ಹಿಂದಿಯಲ್ಲಿ.

"ಸಾಬ್, ಈ ನೀರಿನಲ್ಲಿ ಒಮ್ಮೆ ಕೈ ತೊಳೆಯಿರಿ. ನೊರೆ ಬಂದರೆ ಈಗಲೇ ಸಹಿ ಹಾಕುತ್ತೇನೆ" ಅಂದೆ.

ಅವರು ಅಲುಗಾಡಲಿಲ್ಲ. ನಾನು ಸೋಪು ಹಿಡಿದುಕೊಂಡು ನಿಂತೇ ಇದ್ದೆ. ಆಗ ಥಿಯೋಡೋರ್ ಪೊರ್ಬುಗಳು ಅಂಗಿಯ ತೋಳು ಮಡಚಿದರು. ನನ್ನ ಕೈಯಿಂದ ಸೋಪು ತೆಗೆದುಕೊಂಡು ಆ ನೀರಿಗೆ ಕೈ ಹಾಕಿದರು. ತಿಕ್ಕಿದರು, ಮತ್ತೂ ತಿಕ್ಕಿದರು. ಬಿಳಿ ಚೂರು ಮಾತ್ರ. ಅದೇ ನೀರನ್ನು ಚೆಲ್ಲದೆ ಬದಿಗಿಟ್ಟು, ಕ್ಯಾನಿನಿಂದ ಎರಡನೇ ಬೇಸಿನ್ನಿಗೆ ಸುರಿದು ನಾನು ಬೇರು ಹಾಕಿ ಕಡೆದೆ. ನೊರೆ ಬೇಸಿನಿನ ಅಂಚು ದಾಟಿ ಮ್ಯಾನೇಜರರ ಕಾಗದಗಳ ಮೇಲೆ ಇಳಿಯಿತು. ಹದಿನೈದು ವರ್ಷ ನಾನು ಮುಚ್ಚಿಟ್ಟ ಕಸುಬು, ಮಗಾ. ಅವತ್ತು ನನಗೆ ನಾಚಿಕೆ ಆಗಲಿಲ್ಲ. "ನನ್ನ ಅಪ್ಪ, ಅಮ್ಮ, ಅಜ್ಜ ಎಲ್ಲ ಬಟ್ಟೆ ಒಗೆದವರು ಸಾಬ್. ನೀರು ಹೇಗುಂಟು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಅಂದೆ.

ಮ್ಯಾನೇಜರ್ ಡ್ರೈವರನ್ನು ಮೇಲೆ ಕರೆಸಿದರು. "ಟ್ಯಾಂಕರ್ ಎಲ್ಲಿ ತುಂಬಿಸುತ್ತಿ?"

ಪಕೀರಬ್ಬ ನನ್ನನ್ನು ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದ: "ಖರ್ಜೂರದ ತೋಟಕ್ಕೆ ಬಿಡುವ ಬಾವಿಯಿಂದ ಸಾಬ್. ಸಿಹಿನೀರಿನ ಸ್ಟೇಷನ್ ದೂರ ಅಂತ ರಾಫೆಲ್ ಹೇಳಿದ್ದು. ಒಂದೂವರೆ ವರ್ಷ ಆಯ್ತು."

ಹಿಂತಿರುಗುವಾಗ ವ್ಯಾನಿನಲ್ಲಿ ಅವನ ಕಣ್ಣಲ್ಲಿ ನೀರು. "ನಿನ್ನ ಕುತ್ತಿಗೆ ಕೆಂಪಾದದ್ದು ನನ್ನ ಟ್ಯಾಂಕರಿನಿಂದ ದೂಮಪ್ಪಾ. ನನಗೆ ಗೊತ್ತಿತ್ತು. ಕೆಲಸ ಹೋದೀತು ಅಂತ ಬಾಯಿ ಮುಚ್ಚಿದ್ದೆ" ಅಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ನಾಲ್ಕು ದಿನದಲ್ಲಿ ಸಿಹಿನೀರು ಬಂತು. ಇಡೀ ಕ್ಯಾಂಪು ಹಬ್ಬದ ಹಾಗೆ ಮಿಂದಿತು. ಕಾಂತಾಮಣಿಯ ಗಂಡನೂ ಹಾಡುತ್ತಾ ಮಿಂದ. ನನ್ನ ಕಳವಿನ ಮಾತು ಯಾರೂ ಮತ್ತೆ ಎತ್ತಲಿಲ್ಲ. ಆದರೆ ಪಕೀರಬ್ಬನನ್ನು ತೆಗೆದರು. ಡ್ರೈವರ್ ತಾನಾಗಿಯೇ ತಪ್ಪು ಬಾವಿಯಿಂದ ತಂದ, ಕಂಪೆನಿಗೆ ಗೊತ್ತಿರಲಿಲ್ಲ ಎಂದು ಬರೆದುಕೊಂಡಿದ್ದಾರೆ. ರಾಫೆಲ್ ಕೆಲಸದಲ್ಲೇ ಇದ್ದಾನೆ.

ಪಕೀರಬ್ಬ ಕಲ್ಲಿಕೋಟೆಗೆ ಇಳಿದು ರೈಲಿನಲ್ಲಿ ಮಾರ್ಚ್ 2ರ ಗುರುವಾರ ಮಧ್ಯಾಹ್ನ ಮಂಗಳೂರಿಗೆ ಬರುತ್ತಾನೆ. ಮನೆಯವರಿಗೆ ದಿನ ತಿಳಿಸಿಲ್ಲ, ಮುಖ ತೋರಿಸಲು ಆಗುವುದಿಲ್ಲ ಅನ್ನುತ್ತಾನೆ. ನೀನೂ ಅಮ್ಮನೂ ಸ್ಟೇಷನ್ನಿಗೆ ಹೋಗಬೇಕು. ಗಡ್ಡ ಬೆಳ್ಳಗಾಗಿದೆ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ.

ಇನ್ನೊಂದು ವಿಷಯ. ಡ್ರೈವರನೇ ತಪ್ಪು ಮಾಡಿದ್ದು ಎಂಬ ಆ ಕಾಗದಕ್ಕೆ ಈಗ ನನ್ನ ಸಾಕ್ಷಿ ಸಹಿ ಬೇಕಂತೆ. ಹಾಕಿದರೆ ನನಗೆ ಇನ್ನೆರಡು ವರ್ಷದ ವೀಸಾ. ಮಾರ್ಚ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಜೂನಿಗೆ ನಿನ್ನ ಕಾಲೇಜು ಸುರುವಾಗುತ್ತದೆ, ನನಗೆ ಗೊತ್ತುಂಟು.

ಅಪ್ಪ


ಕಲ್ಲಡ್ಕ
5 ಮಾರ್ಚ್ 2006

ಅಪ್ಪನಿಗೆ,

ಹೋಗಿದ್ದೆವು. ಅಮ್ಮ ಮೊಣಕಾಲು ನೋವೆಂದು ಒಮ್ಮೆಯೂ ಹೇಳಲಿಲ್ಲ. ಮದುವೆಗೆ ಹೋಗುವಾಗ ಉಡುವ ನೀಲಿ ಸೀರೆ ಉಟ್ಟಿದ್ದರು.

ಸ್ಟೇಷನ್ನಿನಲ್ಲಿ ನೋಡಿದರೆ ಕಾಂತಾಮಣಿ ಅತ್ತೆಯೂ ಇದ್ದರು, ಜೀಪು ಮಾಡಿಕೊಂಡು ಬಂದಿದ್ದರು. ಮಾವ ರಜೆಯಲ್ಲಿ ಅದೇ ರೈಲಿಗೆ ಬರುವವರಂತೆ. ರೈಲು ಬಂತು. ಮೊದಲು ಮಾವ ಇಳಿದರು, ಹಗ್ಗ ಬಿಗಿದ ಎರಡು ದೊಡ್ಡ ಬಾಕ್ಸು. ಅವರ ಹಿಂದಿನಿಂದ ಒಂದು ಚೀಲ ಹಿಡಿದುಕೊಂಡು ಪಕೀರಬ್ಬ ಕಾಕ. ಬಾಗಿಲಿನಲ್ಲೇ ನಿಂತುಬಿಟ್ಟರು, ಇಳಿಯಲೋ ಬೇಡವೋ ಎಂಬ ಹಾಗೆ. ನಾನು ಓಡಿ ಹೋಗಿ, "ಕಾಕಾ, ನಾನು ದೂಮಪ್ಪನ ಮಗಳು" ಅಂದೆ. ಚೀಲ ನನ್ನ ಕೈಗೆ ಕೊಟ್ಟು ಇಳಿದರು.

ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ಇವರನ್ನೂ ಕೆಲಸದಿಂದ ಓಡಿಸಿದ್ರಂತೆ ಅಲ್ವಾ? ನಿಮಗೆ ಒಳ್ಳೆ ಜೊತೆ ಸಿಕ್ಕಿತು ಬಿಡು" ಅಂದರು.

ಅಮ್ಮ ಎಂದೂ ಜೋರಾಗಿ ಮಾತಾಡಿದವರಲ್ಲ, ನಿಮಗೆ ಗೊತ್ತುಂಟು. ಅವತ್ತು ಪ್ಲಾಟ್‌ಫಾರಮ್ಮಿನ ಪೋರ್ಟರುಗಳು ಸಹ ತಿರುಗಿ ನೋಡಿದರು. "ಹೌದು ಕಾಂತಾಮಣೀ, ಓಡಿಸಿದ್ರು. ಯಾಕೆ ಗೊತ್ತುಂಟಾ? ನಿನ್ನ ಗಂಡ ಈಗ ಸಿಹಿನೀರಿನಲ್ಲಿ ಮೀಯುವುದು ಇವರು ಬಾಯಿಬಿಟ್ಟ ಕಾರಣ. ಉಪ್ಪುನೀರನ್ನೇ ಚೆನ್ನಾಗುಂಟು ಅಂತ ಸಹಿ ಹಾಕಿದವರು ಯಾರು, ಅದನ್ನು ನಿನ್ನ ಯಜಮಾನರಲ್ಲೇ ಕೇಳು. ಇಲ್ಲೇ ಇದ್ದಾರಲ್ಲ."

ಅತ್ತೆ ಮಾವನ ಮುಖ ನೋಡಿದರು. ಮಾವ ಬಾಕ್ಸಿನ ಹಗ್ಗ ಸರಿ ಮಾಡುತ್ತಾ ಇದ್ದರು, ಅದು ಸರಿಯಾಗಿಯೇ ಇತ್ತು. ಆಮೇಲೆ, "ಪಕೀರಣ್ಣ, ಜೀಪಲ್ಲಿ ಜಾಗ ಉಂಟು, ಉಳ್ಳಾಲಕ್ಕೆ ಬಿಡುವಾ" ಅಂದರು, ತಲೆ ಎತ್ತದೆ. ಕಾಕ ಉತ್ತರಿಸುವ ಮೊದಲೇ ಅಮ್ಮ, "ಬೇಡ, ಬಸ್ಸುಂಟು" ಅಂದರು.

ಉಳ್ಳಾಲದವರೆಗೂ ಹೋದೆವು. ಕಾಕ ಓಣಿಯ ಹಿಂದಿನಿಂದ ಹೋಗುವ ಅಂದರು. ಅಮ್ಮ ಕೇಳಲಿಲ್ಲ, ಮಸೀದಿಯ ಎದುರಿನ ದೊಡ್ಡ ದಾರಿಯಲ್ಲೇ ನಡೆಸಿದರು. ಅವರ ಹೆಂಡತಿ ಬಾಗಿಲು ತೆಗೆದು ಗಾಬರಿಯಾದರು. ಅಮ್ಮ ಒಳಗೆ ಕೂತು, ಅರ್ಧ ತುಳು ಅರ್ಧ ಬ್ಯಾರಿ ಭಾಷೆಯಲ್ಲಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ನಿಮ್ಮ ಕಾಗದದಲ್ಲಿ ಇಲ್ಲದ್ದನ್ನೂ ಸ್ವಲ್ಪ ಸೇರಿಸಿದರು. ಆ ಮನೆಯವರು ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಹೊರಡುವಾಗ ಕಾಕ ಗೇಟಿನವರೆಗೆ ಬಂದು, "ಅವನು ಸಹಿ ಹಾಕಲಿ ಮಗಳೇ. ನನ್ನದು ಹೇಗೂ ಮುಗಿಯಿತು. ಅವನಾದರೂ ಉಳಿಯಲಿ. ನಾನು ಏನೂ ಅಂದುಕೊಳ್ಳುವುದಿಲ್ಲ ಅಂತ ಬರೆ" ಅಂದರು.

ಬರೆದಿದ್ದೇನೆ.

ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತಿದ್ದರು. ನಿಮಗೆ ಎಂತ ಬರೆಯಲಿ ಎಂದು ಕೇಳಿದೆ. "ನಿನ್ನ ಕಾಲೇಜು, ನೀನೇ ಹೇಳು" ಅಂದರು.

ಹಾಗಾದರೆ ಹೇಳುತ್ತೇನೆ ಅಪ್ಪಾ. ಕಲ್ಲಡ್ಕದಿಂದ ಸರಕಾರಿ ಕಾಲೇಜಿಗೆ ಬಸ್ಸುಂಟು, ವಿಲ್ಮಾ ಟೀಚರ್ ಫಾರಂ ತಂದುಕೊಟ್ಟಿದ್ದಾರೆ. ನನ್ನ ಹೆಸರು ಹೇಳಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಳಿಸುವುದಾದರೆ ಕಳಿಸಲಿ. ದಿನ ಮಾತ್ರ ಮೊದಲೇ ತಿಳಿಸಿ. ಕಲ್ಲಿಕೋಟೆಯ ರೈಲು ಎರಡನೇ ಪ್ಲಾಟ್‌ಫಾರಮ್ಮಿಗೆ ಬರುತ್ತದೆ. ನಾವಿಬ್ಬರೂ ಅಲ್ಲಿರುತ್ತೇವೆ, ಪಕೀರಬ್ಬ ಕಾಕನೂ ಬರುತ್ತಾರಂತೆ.

ನಿಮ್ಮ ಮಗಳು,
ದೀಕ್ಷಿತಾ